ಟಾರ್ಟಿನ ಅಳತೆಗೊಂದು ಟ್ಯಾಂಕ್ ಚೀಲ

ಬ್ಯಾರಿಡೇಲಿನಲ್ಲಿ ತಲೆಯೊಳಗೆ ಸಂಶಯ ಹುಟ್ಟಿದವರು ದೋಮಿನಿಯ ಬಳಿ, ಅಂದರೆ ನಮ್ಮ ಚರ್ಚಿನ ಪಾದ್ರಿಯ ಬಳಿ ಹೋಗುತ್ತಾರೆ. ತಲೆಯ ಮೇಲೆ ಕೂದಲು ಹೆಚ್ಚಿದವರು ಗಾವಿ ಹಾರ್ಟ್ನಿಕ್ ಬಳಿ ಹೋಗುತ್ತಾರೆ. ಎರಡು ಕಡೆಯೂ ತಲೆ ತಗ್ಗಿಸಿಯೇ ಕೂರಬೇಕು, ಎರಡು ಕಡೆಯೂ ಉಪದೇಶ ಬಿಟ್ಟಿ. ಆದರೆ ಗಾವಿಯ ಬಳಿ ಎದುರು ಮಾತಾಡಬಹುದು. ಕಿವಿಯ ಪಕ್ಕ ಕತ್ತರಿ ಆಡುತ್ತಿರುವಾಗ ಮಾತ್ರ ಬೇಡ.

ಅವನ ಕುರ್ಚಿ ಇರುವುದು ಹೆದ್ದಾರಿಯ ಬದಿಯ ನೀಲಗಿರಿ ಮರದ ಕೆಳಗೆ. ಆ ದಾರಿಯಲ್ಲಿ ಬೇಸಿಗೆಯುದ್ದಕ್ಕೂ ದೂರದೂರದ ಬೈಕುಗಳು ಸಾಲುಸಾಲಾಗಿ ಸಾಗುತ್ತವೆ. ಗಾವಿ ಮೂವತ್ತು ವರ್ಷ ಊರಿನ ತಲೆಗಳ ಸುತ್ತ ಪ್ರದಕ್ಷಿಣೆ ಹಾಕುತ್ತಾ, ಹೋಗುವ ಪ್ರತಿ ಬೈಕನ್ನೂ ಕಣ್ಣಿನಲ್ಲೇ ಘಟ್ಟ ಹತ್ತಿಸಿ ಬಂದವನು. ಎಷ್ಟೋ ಜನರ ಹಿಂದಲೆಯಲ್ಲಿ ಕತ್ತರಿ ದಾರಿ ತಪ್ಪಿದ್ದು ಇದರಿಂದಲೇ. ಪೋಸ್ಟಿನ ಲೆನ್ನಿಯ ತಲೆಯಲ್ಲಿ ಒಂದು ತಿರುವು ಇದೆ. ಅದು ಮೂರು ಕೆಂಪು ಬೈಕುಗಳು ಒಟ್ಟಿಗೆ ಹೋದ ದಿನದ ಗುರುತು.

ಹೀಗಿರುವಾಗ ಒಂದು ದಿನ ಜರ್ಮನಿಯವನೊಬ್ಬ ಕುರ್ಚಿಯ ಮುಂದೆ ಬೈಕು ನಿಲ್ಲಿಸಿದ. ಇಳಿಯಲು ಹೋದವನು ಅರ್ಧಕ್ಕೇ ಸಿಕ್ಕಿಕೊಂಡ. ಬೆನ್ನು ಮೇಲೇಳಲಿಲ್ಲ. ಗಾವಿ, ಲೆನ್ನಿ ಇಬ್ಬರೂ ಸೇರಿ ಅವನನ್ನು ಎತ್ತಿ ಕುರ್ಚಿಗೆ ಹಾಕಿದರು. ಗಡ್ಡ ತೆಗೆದು ಮುಗಿಯುವಷ್ಟರಲ್ಲಿ ಆ ಮನುಷ್ಯನಿಗೆ ಜ್ಞಾನೋದಯವಾಗಿತ್ತು. ಬೈಕು, ಎರಡು ಹೆಲ್ಮೆಟ್ಟು ಎಲ್ಲವನ್ನೂ ಗಾವಿಗೇ ಮಾರಿ ವಿಮಾನ ಹತ್ತಿದ. ಗಾವಿ ಎಷ್ಟು ಕೊಟ್ಟ ಎಂಬುದು ಅವನ ಹೆಂಡತಿ ಫಿಯಾಗೆ ಇಂದಿಗೂ ಗೊತ್ತಿಲ್ಲ. ಆದ್ದರಿಂದ ನಮಗೂ ಬೇಡ.

ಕಪ್ಪು ಬಣ್ಣ, ಅಗಲ ಭುಜ, ಗಂಭೀರ ದನಿ. ಊರಿನವರು ನೋಡಿದ ದಿನವೇ ಅದಕ್ಕೆ 'ಚಿಕ್ಕ ದೋಮಿನಿ' ಎಂದು ಹೆಸರಿಟ್ಟರು. ದೊಡ್ಡ ದೋಮಿನಿಗೆ ಈ ಸುದ್ದಿ ಮುಟ್ಟಿತೋ ಇಲ್ಲವೋ, ಮುಂದಿನ ಭಾನುವಾರ ಅವರು ವ್ಯರ್ಥ ವಸ್ತುಗಳ ಮೋಹದ ಬಗ್ಗೆ ಬಹಳ ಹೊತ್ತು ಮಾತಾಡಿದರು.

ಫಿಯಾ ಅಷ್ಟು ಹೊತ್ತು ಮಾತಾಡಲಿಲ್ಲ. ಅವರ ಹಳೆಯ ಕಾರು ಮಾಂಟೆಗ್ಯೂ ದಾರಿಯಲ್ಲಿ ಕೊನೆಯುಸಿರೆಳೆದು ಆಗಲೇ ಒಂದು ಚಳಿಗಾಲ ಕಳೆದಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದು ಪಿಕಪ್ಪು. ಲೇಡಿಸ್ಮಿತ್‌ನಲ್ಲಿ ಅವಳ ಚಿಕ್ಕಪ್ಪನ ಮಗ ಅಬ್ರಾಮ್ ಬಳಿ ಅಂಥದೊಂದಿತ್ತು. ಅಬ್ರಾಮನಿಗೆ ಬೈಕಿನ ಮೇಲೆ ಆಸೆ ಇತ್ತು. ಬೈಕು ಕೊಟ್ಟು ಪಿಕಪ್ಪು ತರುವುದಷ್ಟೇ ಬಾಕಿ.

"ಹೊರೆ ಹೊರದೇ ಇರೋದನ್ನ ಗಾಡಿ ಅಂತಾರೇನೋ ಮುದುಕಪ್ಪ?" ಎಂದಳು ಫಿಯಾ.

"ನನ್ನ ಹೊರುತ್ತಲ್ಲ."

"ನೀನು ಹೊರೆ ಅನ್ನೋದು ನಂಗೊತ್ತು. ಗಾಡಿಗೂ ಗೊತ್ತಾಗ್ಬೇಕಲ್ಲ."

ಆಮೇಲೆ ಅವಳು ತನ್ನ ಕರಾರು ಹೇಳಿದಳು. ಬರುವ ಶನಿವಾರ ಸ್ವೆಲೆಂಡಾಮಿನಲ್ಲಿ ಅವಳಕ್ಕ ಡೋರಾಳ ಎಪ್ಪತ್ತನೇ ಹುಟ್ಟುಹಬ್ಬ. ಫಿಯಾ ಹಾಲಿನ ಟಾರ್ಟು, ಅಂದರೆ ಹಿಟ್ಟಿನ ತೆಳು ತಟ್ಟೆಯೊಳಗೆ ಹಾಲು ಮೊಟ್ಟೆ ಹೊಯ್ದು ಬೇಯಿಸಿದ ಸಿಹಿ, ಮಾಡುತ್ತಾಳೆ. ಅದನ್ನು ಬೈಕಿನಲ್ಲಿ ಟ್ರಾಡೌ ಘಟ್ಟ ದಾಟಿಸಿ, ಒಂದು ಬಿರುಕೂ ಇಲ್ಲದೆ ಡೋರಾಳ ಮೇಜಿನ ಮೇಲೆ ಇಟ್ಟರೆ ಬೈಕು ಉಳಿಯಿತು. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸೋಮವಾರ ಅಬ್ರಾಮ್ ಬಂದು ಕೀಲಿ ಒಯ್ಯುತ್ತಾನೆ.

ಫಿಯಾಳ ಟಾರ್ಟೆಂದರೆ ಸಾಮಾನ್ಯವಲ್ಲ. ಚರ್ಚಿನ ಬಜಾರಿನಲ್ಲಿ ಮೊದಲು ಖಾಲಿಯಾಗುವುದು ಅದೇ. ಗಿಣ್ಣಿನಂತೆ ನಡುಗುತ್ತದೆ, ಆದರೆ ಬಿರಿಯುವುದಿಲ್ಲ. ಮೇಲಿನ ದಾಲ್ಚಿನ್ನಿ ಪುಡಿ ಬೆಳಗಿನ ಅಂಗಳದಂತೆ ಸಮ. ಇಷ್ಟಿದ್ದೂ ಡೋರಾ ಪ್ರತಿಸಲ ಒಂದು ಚೂರು ಬಾಯಿಗಿಟ್ಟು, "ಚೆನ್ನಾಗಿದೆ ಕಣೆ, ಸ್ವಲ್ಪ ಅವಸರ ಮಾಡ್ದೆ ಅನ್ಸುತ್ತೆ" ಎನ್ನುವುದನ್ನು ನಲವತ್ತು ವರ್ಷದಿಂದ ಬಿಟ್ಟಿಲ್ಲ.

ಮಾರನೆಯ ದಿನ ಕುರ್ಚಿಯ ಸುತ್ತ ಸಭೆ ಸೇರಿತು. ನಮ್ಮಲ್ಲಿ ಹಿರಿಯ ಗಂಡಸರನ್ನೆಲ್ಲ ಊಮ್, ಅಂದರೆ ದೊಡ್ಡಪ್ಪ, ಎಂದೇ ಕರೆಯುವುದು.

"ಹಿಂದೆ ಕಟ್ಟೋದು ಬೇಡ ಊಮ್ ಗಾವಿ," ಎಂದ ಪೋಸ್ಟಿನ ಲೆನ್ನಿ, ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು. "ಹಿಂದಿನ ಚಕ್ರದ ಮೇಲೆ ಕೂತ ಟಾರ್ಟು ಘಟ್ಟ ಇಳಿಯೋದ್ರಲ್ಲಿ ಪಾಯಸ ಆಗುತ್ತೆ. ಟ್ಯಾಂಕಿನ ಮೇಲೆ ಇಡೋ ಚೀಲ ಬರುತ್ತಲ್ಲ, ದೂರ ಹೋಗೋರೆಲ್ಲ ಹಾಕ್ಕೊಂಡಿರ್ತಾರೆ. ಅದೇ ಸರಿ. ಕಣ್ಣೆದುರಿಗೇ ಇರುತ್ತೆ."

"ಅಯಸ್ಕಾಂತದ್ದೋ, ಪಟ್ಟಿದ್ದೋ?" ಎಂದು ಕೇಳಿದವರು ಊಮ್ ಅಪೋಲ್ಸ್. ಊರಿನ ಕತ್ತೆಗಾಡಿಗಳಿಗೆಲ್ಲ ತೊಗಲಿನ ಸಜ್ಜು ಹೊಲಿಯುವವರು ಅವರೇ. ಸರದಿಗೆ ಕಾಯುತ್ತಾ ಕಲ್ಲಿನ ಮೇಲೆ ಕೂತಿದ್ದರು. ತಲೆಯಲ್ಲಿ ಕೂದಲು ಅಷ್ಟೇನೂ ಇರಲಿಲ್ಲ, ಸರದಿ ಮಾತ್ರ ದಿನವೂ ಇರುತ್ತಿತ್ತು.

"ಅಯಸ್ಕಾಂತ! ಇಟ್ರೆ ಟಪ್ ಅಂತ ಕೂತ್ಕೊಳುತ್ತೆ," ಎಂದ ಲೆನ್ನಿ.

"ಅಯಸ್ಕಾಂತಕ್ಕೆ ಮನಸ್ಸಿದ್ರೆ ಹಿಡಿಯುತ್ತೆ, ಇಲ್ದಿದ್ರೆ ಬಿಡುತ್ತೆ," ಎಂದರು ಅಪೋಲ್ಸ್. "ಪಟ್ಟಿ ಅನ್ನೋದು ಮದುವೆ ಇದ್ದ ಹಾಗೆ. ಮನಸ್ಸಿರಲಿ ಬಿಡಲಿ, ಹಿಡ್ಕೊಂಡೇ ಇರ್ಬೇಕು."

ಗಾವಿ ಇಬ್ಬರ ಮಾತನ್ನೂ ಕೇಳಿ, ನಮ್ಮೂರಿನ ಗಂಡಸು ಏನು ಮಾಡುತ್ತಾನೋ ಅದನ್ನೇ ಮಾಡಿದ. ಮನೆಗೆ ಹೋಗಿ ಹೆಂಡತಿಯ ಟಾರ್ಟಿನ ಡಬ್ಬ ತೆಗೆದುಕೊಂಡ. ಗುಂಡಗಿನ, ಅಗಲವಾದ, ಮುಚ್ಚಳದ ಮೇಲೆ ಗುಲಾಬಿ ಹೂವಿನ ಚಿತ್ರವಿದ್ದ ತಗಡಿನ ಡಬ್ಬ. ನಮ್ಮಲ್ಲಿ ಬಟ್ಟಲು ಕೊಳ್ಳುವವರು ಹಿಟ್ಟಿನ ಅಳತೆ ಒಯ್ಯುತ್ತಾರೆ, ಕಪಾಟು ಕೊಳ್ಳುವವರು ಪಾತ್ರೆ ಒಯ್ಯುತ್ತಾರೆ. ಒಳಗಿಡುವುದು ಹಿಡಿದರೆ ಸರಿ, ಉಳಿದದ್ದು ತಾನಾಗಿ ಹೊಂದಿಕೊಳ್ಳುತ್ತದೆ ಎಂಬುದು ಇಲ್ಲಿನ ನಂಬಿಕೆ. ಬೈಕನ್ನು ನೀಲಗಿರಿ ಮರದ ಕೆಳಗೇ ಬಿಟ್ಟು, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಗಾವಿ ಬಾಡಿಗೆ ವ್ಯಾನಿನಲ್ಲಿ ವೂಸ್ಟರ್ ಪೇಟೆಗೆ ಹೊರಟ.

ದಾರಿಯುದ್ದಕ್ಕೂ ಪಕ್ಕದ ಹೆಂಗಸು ಡಬ್ಬವನ್ನೇ ನೋಡುತ್ತಿದ್ದಳು.

"ಖಾಲಿ ಡಬ್ಬ ಕಣಮ್ಮ," ಎಂದ ಗಾವಿ.

"ಎಲ್ರೂ ಹಾಗೇ ಹೇಳೋದು," ಎಂದಳು ಅವಳು.

ರಾಬರ್ಟ್‌ಸನ್ ದಾಟಿದ ಮೇಲೆ ಮುಚ್ಚಳ ತೆಗೆದು ತೋರಿಸಬೇಕಾಯಿತು. ಇಡೀ ವ್ಯಾನು ನಿರಾಸೆಯ ನಿಟ್ಟುಸಿರು ಬಿಟ್ಟಿತು.

ಅಂಗಡಿಯ ಹುಡುಗಿ ಮರ್ಯಾದಸ್ಥೆ. "ಊಮ್, ಬೈಕು ಯಾವುದು?" ಎಂದಳು.

"ಬೈಕು ಮನೇಲಿದೆ ಮಗಳೇ. ಟಾರ್ಟು ಎಷ್ಟಗಲ ಅಂತ ಕೇಳು."

ಅವಳು ಮೊದಲು ತೋರಿಸಿದ್ದು ಪೆಟ್ರೋಲ್ ಮುಚ್ಚಳದ ಸುತ್ತ ಬಳೆ ಕೂರಿಸಿ ಅದಕ್ಕೆ ಸಿಕ್ಕಿಸುವ ಪುಟ್ಟ ಚೀಲ. ಒಂದು ಬ್ರೆಡ್ ತುಂಡು, ಒಂದು ಕನ್ನಡಕ ಇಟ್ಟರೆ ತುಂಬಿತು. ಎರಡನೆಯದು ಪಟ್ಟಿಯ ಚೀಲ. ಡಬ್ಬ ಅದರೊಳಗೆ ಓರೆಯಾಗಿ ಮಾತ್ರ ಇಳಿಯಿತು. ಓರೆಯಾಗಿ ಇಳಿದ ಟಾರ್ಟು ಟಾರ್ಟಲ್ಲ. ಮೂರನೆಯದು ಎರಡು ಅಂತಸ್ತಿನ ಮನೆಯಂಥ ಚೀಲ. ಜಿಪ್ಪು ಬಿಚ್ಚಿದರೆ ಮೇಲಂತಸ್ತು ಎದ್ದು ನಿಲ್ಲುತ್ತದೆ. ತಳದಲ್ಲಿ ಅಯಸ್ಕಾಂತ. ಕಟ್ಟಿಕೊಳ್ಳಬೇಕೆನ್ನುವವರಿಗೆ ಪಟ್ಟಿ ತೂರಿಸಲು ಸುತ್ತ ಕುಣಿಕೆಗಳೂ ಇದ್ದವು. ಗಾವಿ ಡಬ್ಬವನ್ನು ಒಳಗೆ ಇಳಿಸುತ್ತಿದ್ದಂತೆ, ಇನ್ನೂ ನಾಲ್ಕು ಬೆರಳು ಇರುವಾಗಲೇ, ತಳ ಅದನ್ನು ಎಳೆದುಕೊಂಡಿತು. ಟಪ್!

ಗಾವಿ ಚೀಲವನ್ನು ಬುಡಮೇಲು ಮಾಡಿದ. ಡಬ್ಬ ಬೀಳಲಿಲ್ಲ. ಕುಲುಕಿದ. ಬೀಳಲಿಲ್ಲ. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ಚಪ್ಪಾಳೆ ಹೊಡೆದರು.

"ಊಮ್, ನಿಮ್ಮ ಟ್ಯಾಂಕು ಕಬ್ಬಿಣದ್ದೇ ತಾನೇ?" ಎಂದಳು ಹುಡುಗಿ.

"ಜರ್ಮನಿದು ಮಗಳೇ!" ಎಂದ ಗಾವಿ, ಅವಳು ಅವನ ಕುಲ ಕೇಳಿದಳೋ ಎನ್ನುವ ಹಾಗೆ.

ಸಂಜೆ ಜಗಲಿಯ ಮುಂದೆ ಊರೇ ನಿಂತಿತ್ತು. ಗಾವಿ ಟ್ಯಾಂಕನ್ನು ತೋಳಿನಿಂದ ಒರೆಸಿ, ಚೀಲವನ್ನು ಅದರ ಮೇಲಿಟ್ಟು, ಕೈ ತೆಗೆದು, ಎಲ್ಲರ ಮುಖ ನೋಡಿದ. ಚೀಲ ಒಂದು ಕ್ಷಣ ಯೋಚಿಸಿತು. ಆಮೇಲೆ ಮೆಲ್ಲಗೆ ಜಾರಿ, ಸೀಟಿಗೆ ಬಂದು, ಸೀಟಿನಿಂದ ನೆಲಕ್ಕೆ ಇಳಿದು, ದಣಿದ ನಾಯಿಯಂತೆ ಮಲಗಿತು.

ಲೆನ್ನಿ ಟ್ಯಾಂಕನ್ನು ಬೆರಳಿನಿಂದ ತಟ್ಟಿದ. ಟೊಳ್ಳು ಸದ್ದು ಬಂತು. "ಊಮ್ ಗಾವಿ... ಇದು ಪ್ಲಾಸ್ಟಿಕ್ಕು."

"ಕುದುರೆ ಬಿಟ್ಟು ಹುಲ್ಲಿನ ಹೊರೆ ಅಳೆದು ಜೀನು ತಂದ್ಯಲ್ಲೋ!" ಎಂದು ಫಿಯಾ ಜಗಲಿಯ ಕಂಬ ಹಿಡಿದುಕೊಂಡು ನಕ್ಕಳು. ನಕ್ಕು ಸಾಕಾದ ಮೇಲೆ, "ಹೋಗ್ಲಿ, ನನ್ನ ಡಬ್ಬ ಕೊಡು," ಎಂದಳು.

ಡಬ್ಬ ಬರಲಿಲ್ಲ. ಗಾವಿ ಎಳೆದ. ಲೆನ್ನಿ ಚೀಲ ಹಿಡಿದುಕೊಂಡ, ಗಾವಿ ಡಬ್ಬ ಹಿಡಿದುಕೊಂಡ. ಕೊನೆಗೆ ಅಪೋಲ್ಸ್ ಮರದ ಸೌಟು ತೂರಿಸಿ ಮೀಟಿದಾಗ ಡಬ್ಬ ಹಾರಿತು, ಲೆನ್ನಿ ಫಿಯಾಳ ಜೆರೇನಿಯಂ ಕುಂಡದೊಳಗೆ ಕೂತ.

"ಬೈಕು ಬಿಟ್ಟು ಉಳಿದದ್ದಕ್ಕೆಲ್ಲ ಅಂಟ್ಕೊಳುತ್ತೆ," ಎಂದಳು ಫಿಯಾ. "ಅಬ್ರಾಮ್‌ಗೆ ಫೋನ್ ಮಾಡ್ಲಾ?"

"ಶನಿವಾರ ಇನ್ನೂ ಬಂದಿಲ್ಲ," ಎಂದ ಗಾವಿ. ದನಿ ಮಾತ್ರ ಆಗಲೇ ಸೋಮವಾರದ್ದಾಗಿತ್ತು.

ಅಂದು ಊಟ ಮಾಡುತ್ತಾ ಅವನು ಕಿಟಕಿಯಿಂದ ಬೈಕನ್ನೇ ನೋಡುತ್ತಿದ್ದ. ಅದನ್ನು ಕೊಂಡ ಮೇಲೆ ಅವನು ಹೋಗಿದ್ದು ಎಷ್ಟು ದೂರ ಎಂದರೆ, ಊರಿನ ಆಚೆಯ ಸೇತುವೆಯವರೆಗೆ. ಅಲ್ಲಿ ನಿಲ್ಲಿಸಿ, ಮುಂದಿನ ದಾರಿಯನ್ನು ಕಣ್ಣುತುಂಬ ನೋಡಿ, ಗಿರಾಕಿ ಕಾಯುತ್ತಾರೆಂದು ವಾಪಸು ಬರುತ್ತಿದ್ದ. ಘಟ್ಟ ಹತ್ತುವ ಮೊದಲೇ ಗಾಡಿ ಕೈಬಿಟ್ಟು ಹೋಗುತ್ತದಲ್ಲ ಎಂದುಕೊಂಡು ತಟ್ಟೆ ಬದಿಗೆ ಸರಿಸಿದ.

ಬೆಳಿಗ್ಗೆ ಅವನು ಚೀಲವನ್ನು ಹೆಗಲಿಗೆ ಹಾಕಿಕೊಂಡು, ಬೈಕು ತಳ್ಳಿಕೊಂಡು, ಅಪೋಲ್ಸರ ಕೊಟ್ಟಿಗೆಗೆ ಹೋದ. ಅಪೋಲ್ಸ್ ಬೈಕಿನ ಸುತ್ತ ಎರಡು ಸುತ್ತು ಬಂದು, ಅಭ್ಯಾಸಬಲದಿಂದ ಅದರ ಪೃಷ್ಠ ತಟ್ಟಿ, "ಒದೆಯಲ್ಲ ತಾನೇ?" ಎಂದರು.

ಅವರು ಕತ್ತೆಗೆ ಸಜ್ಜು ಕಟ್ಟುವ ಕ್ರಮದಲ್ಲೇ ಕಟ್ಟಿದರು. ಮೊದಲು ಬಣ್ಣ ಉಜ್ಜಿಹೋಗದಂತೆ ಟ್ಯಾಂಕಿನ ಮೇಲೆ ಮೆತ್ತನೆಯ ಉಣ್ಣೆಬಟ್ಟೆ. ಚೀಲದ ಮುಂದಿನ ಕುಣಿಕೆಯಿಂದ ಹ್ಯಾಂಡಲಿನ ಕುತ್ತಿಗೆಗೆ ಎದೆಪಟ್ಟಿ. ಹಿಂದಿನ ಎರಡು ಕುಣಿಕೆಗಳಿಂದ ಸೀಟಿನ ಅಡಿಯ ಕಬ್ಬಿಣಕ್ಕೆ ಹಿಂಪಟ್ಟಿ. ಪೆಟ್ರೋಲ್ ಹಾಕಿಸುವಾಗ ಬಿಚ್ಚಲು ಸುಲಭವಾಗಲೆಂದು ಹಿತ್ತಾಳೆಯ ಬಕಲು. ಎಲ್ಲ ಬಿಗಿದು ಎಳೆದರೆ ಚೀಲ ಅಲುಗಲಿಲ್ಲ. ಬೈಕೇ ಅಲುಗಿತು.

ಗಾವಿ ಹತ್ತಿ ಕೂತ. ಆಗ ತಿಳಿದದ್ದು, ದೇವರು ಚೀಲಕ್ಕೂ ಅವನ ಹೊಟ್ಟೆಗೂ ಒಂದೇ ಜಾಗ ಕೊಟ್ಟಿದ್ದಾನೆ ಎಂದು.

"ಯಾವುದಾದ್ರೂ ಒಂದು ಹಿಂದೆ ಸರೀಬೇಕು," ಎಂದರು ಅಪೋಲ್ಸ್.

"ಹೊಟ್ಟೆ ಮೊದಲು ಬಂದಿದ್ದು."

"ಹಾಗಾದ್ರೆ ಉಸಿರು ಹಿಡ್ಕೊ."

"ವೇಗ ತೋರಿಸೋ ಗಡಿಯಾರ ಮುಚ್ಚಿಹೋಯ್ತಲ್ಲ ಊಮ್?"

"ಕತ್ತೆಗಾಡೀಲಿ ಯಾರು ನೋಡ್ತಾರೆ ಅದನ್ನ? ಟೋಪಿ ಹಾರಿಹೋದ್ರೆ ಜಾಸ್ತಿ ಆಯ್ತು ಅಂತ ತಿಳ್ಕೊ."

ಸಂಜೆ ಪರೀಕ್ಷೆಗೆಂದು ಗಾವಿ ಊರೊಳಗೆ ಒಂದು ಸುತ್ತು ಹೊರಟ. ಚರ್ಚಿನ ಮೂಲೆಯಲ್ಲಿ ಎಡಕ್ಕೆ ತಿರುಗಿಸಿದಾಗ ಹ್ಯಾಂಡಲು ಚೀಲದ ಪಕ್ಕೆಗೆ ಒತ್ತಿ, ಹಾರ್ನಿನ ಗುಂಡಿಯೂ ಒತ್ತಿಕೊಂಡಿತು. ಒಳಗೆ ದೊಡ್ಡ ದೋಮಿನಿ ಬುಧವಾರದ ಪ್ರಾರ್ಥನೆಯ ನಡುವೆ, "ನಿನ್ನ ಕರೆ ನಮಗೆ ಕೇಳಿಸಲಿ, ಕರ್ತನೇ" ಎನ್ನುವಲ್ಲಿಗೆ ಬಂದಿದ್ದರು. ಚಿಕ್ಕ ದೋಮಿನಿ ಹೊರಗಿನಿಂದ ದೀರ್ಘವಾಗಿ ಕೂಗಿದ. ಸಭೆ "ಆಮೆನ್" ಎಂದು ಎದ್ದು ಮನೆಗೆ ಹೊರಟಿತು.

"ಚೀಲ ಸ್ವಲ್ಪ ಹಿಂದಕ್ಕೆ ಎಳೀಬಹುದಾ?" ಎಂದು ಕೊಟ್ಟಿಗೆಗೆ ಮರಳಿದ ಗಾವಿ ಬೆವರು ಒರೆಸಿಕೊಳ್ಳುತ್ತಾ ಅಪೋಲ್ಸರನ್ನು ಕೇಳಿದ.

"ಎಳೆದ್ರೆ ಹೊಟ್ಟೆ ಎಲ್ಲಿಡ್ತೀಯ? ಇರ್ಲಿ ಬಿಡು. ಎಡಕ್ಕೆ ಮಾತ್ರ ತಾನೇ ಕೂಗೋದು? ನನ್ನ ಕತ್ತೆ ಎರಡು ಕಡೆಗೂ ಕೂಗುತ್ತೆ."

ಉಳಿದಿದ್ದು ಒಂದೇ ತೊಡಕು. ಟ್ಯಾಂಕು ಮುಂದೆ ಎತ್ತರ, ಹಿಂದೆ ತಗ್ಗು. ಅದರ ಮೇಲಿನ ಚೀಲವೂ ಹಾಗೇ, ಚೀಲದ ತಳಕ್ಕೆ ಅಂಟಿದ ಡಬ್ಬವೂ ಹಾಗೇ. ಇದನ್ನು ಕಂಡುಹಿಡಿದವಳು ಫಿಯಾ. ಅವಳು ಒಂದು ಬೇಯಿಸಿದ ಮೊಟ್ಟೆ ತಂದು ಡಬ್ಬದ ಮುಚ್ಚಳದ ನಡುವಿನ ಗುಲಾಬಿಯ ಮೇಲಿಟ್ಟಳು. ಮೊಟ್ಟೆ ಉರುಳಿ ಗಾವಿಯ ಹೊಟ್ಟೆಗೆ ಬಡಿಯಿತು.

"ಒಲೆ ಸಮ ಇದ್ಯೋ ಇಲ್ವೋ ಅಂತ ನಮ್ಮಮ್ಮ ಹೀಗೇ ನೋಡ್ತಿದ್ದಿದ್ದು," ಎಂದಳು. "ಹಿಂದಿನ ಕಡೆ ಏನಾದ್ರೂ ಒತ್ತು ಕೊಡ್ಬೇಕು."

"ಮರದ ಬೆಣೆ ಮಾಡ್ಕೊಡ್ತೀನಿ," ಎಂದರು ಅಪೋಲ್ಸ್.

"ಮರ ತಿನ್ನೋಕಾಗುತ್ತಾ? ದಾರಿ ಬುತ್ತಿಗೆ ಹೇಗೂ ಬ್ರೆಡ್ ಬೇಕೇ ಬೇಕು. ಅದನ್ನೇ ಚೀಲದ ಕೆಳಗೆ ಇಟ್ರೆ ಒತ್ತೂ ಆಯ್ತು, ಬುತ್ತೀನೂ ಆಯ್ತು, ಕುಲುಕಾಟಕ್ಕೆ ಮೆತ್ತಗೂ ಇರುತ್ತೆ."

ಬುತ್ತಿಯಿಲ್ಲದೆ ಹೊರಡುವುದು ನಮ್ಮಲ್ಲಿ ಚಪ್ಪಲಿಯಿಲ್ಲದೆ ಹೊರಡುವುದಕ್ಕಿಂತ ಕೀಳು. ಆದ್ದರಿಂದ ಈ ಮಾತಿಗೆ ಯಾರೂ ತಕರಾರು ತೆಗೆಯಲಿಲ್ಲ. ಮನೆಯಲ್ಲಿ ಬೇಯಿಸಿದ ಗಟ್ಟಿ ಬ್ರೆಡ್ಡನ್ನು ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿ, ಚೀಲದ ಹಿಂಭಾಗದ ಕೆಳಗೆ ತೂರಿಸಿ, ಪಟ್ಟಿ ಬಿಗಿದರು. ಮೊಟ್ಟೆ ಗುಲಾಬಿಯ ಮೇಲೆ ನಿಂತಿತು. ಉಸಿರು ಹಿಡಿದು ನೋಡಿದರು. ನಿಂತೇ ಇತ್ತು.

ಶನಿವಾರ ಗಾವಿ ಬೈಕು ಹೊರಡಿಸಲು ಹೋದರೆ ಫಿಯಾ ಎರಡನೆಯ ಹೆಲ್ಮೆಟ್ಟು ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದಳು. ಒಳಗೆ ತಲೆವಸ್ತ್ರ, ಮೈಮೇಲೆ ಹಬ್ಬದ ಉಡುಪು.

"ನೀನು ವ್ಯಾನಲ್ಲಿ ಬರ್ತೀನಿ ಅಂದಿದ್ದೆ!"

"ಟಾರ್ಟು ನಂದು. ದಾರೀಲಿ ಏನಾಗುತ್ತೋ ನಾನೇ ನೋಡ್ಬೇಕು. ಆಮೇಲೆ ನೀನು ರಸ್ತೆ ಮೇಲೆ ಹಾಕೋದು, ರಸ್ತೆ ಮುನಿಸಿಪಾಲ್ಟಿ ಮೇಲೆ ಹಾಕೋದು, ಅದೆಲ್ಲ ಬೇಡ."

ಕೆಳಂತಸ್ತಿನಲ್ಲಿ ಟಾರ್ಟು. ಮೇಲಂತಸ್ತಿನಲ್ಲಿ ಮೊಟ್ಟೆ, ಖೀಮಾದ ಉಂಡೆ, ಕಾಫಿಯ ಫ್ಲಾಸ್ಕು. ಎಲ್ಲದರ ಮೇಲೆ, ಕಾಗದದಲ್ಲಿ ಸುತ್ತಿದ ಫಿಯಾಳ ಹ್ಯಾಟು. ನೇರಳೆ ಬಣ್ಣದ, ಉಣ್ಣೆ ಒತ್ತಿ ಮಾಡಿದ ದಪ್ಪ ಫೆಲ್ಟು, ಪಕ್ಕದಲ್ಲಿ ಉಷ್ಟ್ರಪಕ್ಷಿಯ ಗರಿ. ಅದನ್ನು ಅವಳು ಹಾಕುವುದು ಈಸ್ಟರಿಗೆ, ಮದುವೆಗೆ, ಮತ್ತು ಡೋರಾಳ ಮುಂದೆ.

ಊರು ದಾಟುವವರೆಗೆ ಫಿಯಾ "ನಿಧಾನ" ಎನ್ನುತ್ತಿದ್ದಳು. ಸೇತುವೆ ದಾಟಿದರು. ಗಾವಿಗೆ ಒಂದು ಕ್ಷಣ ಗಿರಾಕಿಗಳು ನೆನಪಾದರು, ಮರುಕ್ಷಣ ಮರೆತುಹೋದರು. ಘಟ್ಟದ ಬಾಯಿಗೆ ಬರುವಷ್ಟರಲ್ಲಿ ಫಿಯಾಳ "ನಿಧಾನ" ನಿಂತುಹೋಗಿತ್ತು. ಎಡತಿರುವು ಬಂದಾಗೆಲ್ಲ ಹಾರ್ನು ಕೂಗಿತು, ಬಂಡೆಗಳು ತಿರುಗಿ ಕೂಗಿದವು. ಮೂರನೆಯ ತಿರುವಿನಿಂದ ಹಾರ್ನಿನ ಜೊತೆ ಹಿಂದಿನಿಂದ ಇನ್ನೊಂದು ದನಿಯೂ ಸೇರಿತು. ಗಾವಿ ಹೆದರಿ ಬ್ರೇಕು ಹಿಡಿದ.

"ಏನಾಯ್ತು?"

"ಏನಿಲ್ಲ. ಹೋಗು. ನಾನೂ ಕೂಗ್ದೆ ಅಷ್ಟೇ."

ಘಟ್ಟದ ನಡುವೆ, ಹಳ್ಳದ ಬದಿಯಲ್ಲಿ ಸಿಮೆಂಟಿನ ಮೇಜು ಮತ್ತು ಕಲ್ಲು ಬೆಂಚುಗಳಿವೆ. ಗಾವಿ ಅದನ್ನು ಕಂಡೂ ಕಾಣದವನಂತೆ ಮುಂದೆ ಹೋಗಲು ನೋಡಿದ. ಬೆನ್ನಿಗೆ ಗುದ್ದು ಬಿತ್ತು.

"ನಿಲ್ಸೋ! ಈ ಮೇಜು ಕಂಡು ಬುತ್ತಿ ಬಿಚ್ಚದೆ ಹೋದೋರು ನಮ್ಮ ಮನೇಲಿ ಯಾರೂ ಇಲ್ಲ."

"ಫಿಯಾ, ಟಾರ್ಟು ಮುಟ್ಲಿ, ಆಮೇಲೆ..."

"ಟಾರ್ಟು ಓಡಿಹೋಗಲ್ಲ."

ಫಿಯಾ ಮೊಟ್ಟೆ, ಉಂಡೆ, ಫ್ಲಾಸ್ಕು ಇಳಿಸಿದಳು. ಕಾಫಿ ಸುರಿದಳು. ಗಾವಿ ಮೊಟ್ಟೆ ಸುಲಿದು ಉಪ್ಪು ಹುಡುಕುತ್ತಿದ್ದ. ಆಗ ಬಂಡೆಯ ಹಿಂದಿನಿಂದ ಒಂದು ಬಬೂನ್ ಬಂತು. ದೊಡ್ಡ ಗಡವ. ಹಾರ್ನಿನ ಸದ್ದು ಕೇಳಿ ನೆಂಟರು ಬಂದರೇನೋ ಎಂದು ನೋಡಲು ಬಂದಂತಿತ್ತು. ಮೇಜಿನ ಕಡೆ ಕಣ್ಣೂ ಹಾಯಿಸದೆ, ನೇರವಾಗಿ ಬೈಕಿನ ಬಳಿ ಹೋಗಿ, ಮೂಸಿ, ಚೀಲದ ಕೆಳಗೆ ಕೈ ತೂರಿಸಿ, ಎಂಜಿನ್ನಿನ ಕಾವಿಗೆ ಬೆಚ್ಚಗಾಗಿದ್ದ ಬ್ರೆಡ್ಡನ್ನು ಬಟ್ಟೆಯ ಸಮೇತ ಎಳೆದುಕೊಂಡಿತು.

"ಕಳ್ಳ! ಬಿಡೋ ಅದನ್ನ!" ಎಂದು ಫಿಯಾ ಕೈಯಲ್ಲಿದ್ದ ಮೊಟ್ಟೆ ಎಸೆದಳು. ಗುರಿ ತಪ್ಪಲಿಲ್ಲ. ಗಡವ ಅದನ್ನು ಒಂದೇ ಕೈಯಲ್ಲಿ ಹಿಡಿದು, ಬಾಯಿಗೆ ಹಾಕಿಕೊಂಡು, ಬ್ರೆಡ್ಡನ್ನು ಕಂಕುಳಲ್ಲಿ ಸಿಕ್ಕಿಸಿ ಬಂಡೆ ಹತ್ತಿತು.

"ಇನ್ನೊಂದು ಎಸೀಬೇಡ," ಎಂದ ಗಾವಿ. "ಅದು ಉಪ್ಪು ಕೇಳುತ್ತೆ."

ಓಡಿ ಬಂದು ನೋಡಿದರೆ ಪಟ್ಟಿ ಸಡಿಲವಾಗಿ ಚೀಲ ಹಿಂದಕ್ಕೆ ಕುಸಿದಿತ್ತು. ಫಿಯಾ ಮೇಲಂತಸ್ತಿನಿಂದ ಹ್ಯಾಟು ತೆಗೆದು ಮೇಜಿನ ಮೇಲಿಟ್ಟು, ಡಬ್ಬದ ಮುಚ್ಚಳ ತೆರೆದಳು. ಟಾರ್ಟು ಇನ್ನೂ ಇಡಿಯಾಗಿತ್ತು. ಆದರೆ ದಾಲ್ಚಿನ್ನಿ ಒಂದು ಕಡೆಗೆ ಸರಿದಿತ್ತು, ಮೇಲ್ಮೈ ತಗ್ಗಿನ ಕಡೆಗೆ ಉಬ್ಬಿ ನಿಂತಿತ್ತು. ಇಳಿಜಾರಿನ ನಾಲ್ಕು ತಿರುವು ಹೀಗೇ ಹೋದರೆ ಬಿರಿಯುವುದು ಖಂಡಿತ.

ಗಾವಿ ತನ್ನ ಮಳೆಯಂಗಿ ಮಡಿಸಿ ಕೆಳಗೆ ತೂರಿಸಿದ. ನುಣುಪು ಬಟ್ಟೆ, ಪಟ್ಟಿ ಬಿಗಿಯುತ್ತಿದ್ದಂತೆ ಪಿಚಕ್ಕನೆ ಹೊರಗೆ ಬಂತು. ಒಂದು ಬೂಟು ಬಿಚ್ಚಿ ಇಟ್ಟ. ಕೊನೆಯದಾಗಿ ಉಳಿದಿದ್ದ ಮೊಟ್ಟೆಯನ್ನು ಗುಲಾಬಿಯ ಮೇಲಿಟ್ಟು ನೋಡಿದರೆ, ಅದು ಎಡಕ್ಕೆ ಉರುಳಿತು. ಬೂಟು ತಿರುಗಿಸಿ ಇಟ್ಟ. ಬಲಕ್ಕೆ ಉರುಳಿತು. ಗಾವಿ ಒಂದು ಕಾಲಲ್ಲಿ ನಿಂತು ಬಂಡೆಯ ಕಡೆ ನೋಡಿದ. ಗಡವ ಬ್ರೆಡ್ಡಿನ ಮೇಲ್ಪದರ ಸುಲಿದು ಬಿಸಾಡಿ, ಒಳಗಿನ ಮೆತ್ತನೆಯದನ್ನು ಮಾತ್ರ ತಿನ್ನುತ್ತಿತ್ತು.

"ಮುಗೀತು ಫಿಯಾ," ಎಂದ ಗಾವಿ. ಬೂಟು ಹಾಕಿಕೊಂಡ. "ಹೀಗೇ ಹೋಗೋಣ. ಬಿರುಕು ಬಿಟ್ರೆ ಬಿಡ್ಲಿ. ಅಬ್ರಾಮನ ಪಿಕಪ್ಪಲ್ಲಿ ಬ್ರೆಡ್ ಒಳಗೆ ಇಡಬಹುದು."

ಫಿಯಾ ಟಾರ್ಟು ನೋಡಿದಳು. ಬೈಕು ನೋಡಿದಳು. ಕೆಳಗೆ, ಬಂಡೆಗಳ ನಡುವೆ ಹಾವಿನಂತೆ ಇಳಿದುಹೋಗುವ ದಾರಿ ನೋಡಿದಳು. ಆಮೇಲೆ ಮೇಜಿನ ಮೇಲಿನ ನೇರಳೆ ಹ್ಯಾಟು ತೆಗೆದುಕೊಂಡು, ಗರಿಯನ್ನು ಕಿತ್ತು ಎದೆಗೆ ಸಿಕ್ಕಿಸಿಕೊಂಡು, ಹ್ಯಾಟನ್ನು ಎರಡಾಗಿ ಮಡಿಸಿದಳು.

"ಫಿಯಾ! ಅದು ಡೋರಾ ಮುಂದೆ ಹಾಕೋ ಹ್ಯಾಟು!"

"ಬಾಯ್ಮುಚ್ಚಿ ಚೀಲ ಎತ್ತು."

ಹ್ಯಾಟು ಚೀಲದ ಕೆಳಗೆ ಹೋಯಿತು. ಫಿಯಾ ಅಂಗೈಯಲ್ಲಿ ಅದನ್ನು ಒಂದೆರಡು ಸಲ ಗುದ್ದಿ ಹದ ಮಾಡಿದಳು, ಹಿಟ್ಟು ನಾದುವ ಹಾಗೆ. ಪಟ್ಟಿ ಬಿಗಿದರು. ಮೊಟ್ಟೆ ಇಟ್ಟರು. ಅದು ಸ್ವಲ್ಪ ಹೊಯ್ದಾಡಿ, ಗುಲಾಬಿಯ ನಟ್ಟನಡುವೆ ನಿಂತಿತು.

"ಅಲ್ಲ ಮುದುಕಿ," ಎಂದ ಗಾವಿ, "ಸುಮ್ನೆ ಬಿಟ್ಟಿದ್ರೆ ಪಿಕಪ್ಪು ನಿಂಗೆ ಬರ್ತಿತ್ತಲ್ಲ?"

"ಬಿರುಕು ಬಿಟ್ಟ ಟಾರ್ಟು ತಗೊಂಡು ಡೋರಾ ಮನೆ ಬಾಗಿಲಿಗೆ ಹೋಗೋಳಲ್ಲ ನಾನು. ಹತ್ತು!"

ಅವಳು ಹೇಳಿದ್ದು ನಿಜವೋ, ಅರ್ಧ ನಿಜವೋ ಗಾವಿಗೆ ಬಗೆಹರಿಯಲಿಲ್ಲ. ಇಳಿಜಾರಿನಲ್ಲಿ ಹಾರ್ನು ಕೂಗಿದಾಗೆಲ್ಲ ಹಿಂದಿನ ದನಿ ಮೊದಲಿಗಿಂತ ಜೋರಾಗಿ ಕೂಗಿದ್ದು ಮಾತ್ರ ಅವನಿಗೆ ಚೆನ್ನಾಗಿ ಕೇಳಿಸಿತು.

ಸೂರ್‌ಬ್ರಾಕ್ ಹಳ್ಳಿ ದಾಟಿ ಸ್ವೆಲೆಂಡಾಮ್ ಸೇರಿದರು. ಡೋರಾಳ ಬೀದಿ ಎಡಕ್ಕಿತ್ತು. ಹಾರ್ನು ಕೇಳಿ ಹುಟ್ಟುಹಬ್ಬದ ನೆಂಟರೆಲ್ಲ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದರು. ಡೋರಾ ಎಲ್ಲರ ಮುಂದೆ, ಬಿಳಿ ಹ್ಯಾಟು ಹಾಕಿಕೊಂಡು.

ಗಾವಿ ಬಕಲು ಬಿಚ್ಚಿ ಚೀಲವನ್ನು ಮಗುವಿನಂತೆ ಎತ್ತಿಕೊಂಡು ಮೇಜಿನ ಬಳಿ ಬಂದ. ಆಗಲೇ ಅವನಿಗೆ ಅಯಸ್ಕಾಂತ ನೆನಪಾದದ್ದು. ಡಬ್ಬ ಹೊರಗೆ ತೆಗೆಯಬೇಕಾದರೆ ಸೌಟು ಹಾಕಿ ಮೀಟಬೇಕು. ಮೀಟಿದರೆ ಟಾರ್ಟು ನೆಂಟರ ಮೇಲೆ. ಅವನು ಫಿಯಾಳ ಮುಖ ನೋಡಿದ.

ಫಿಯಾ ಮೇಜಿನ ನಡುವಿನ ಹೂದಾನಿ ಸರಿಸಿದಳು. "ಇಲ್ಲೇ ಇಡು," ಎಂದಳು. ಚೀಲದ ಜಿಪ್ಪು ಸುತ್ತಲೂ ಬಿಚ್ಚಿ, ಮುಚ್ಚಳ ಎತ್ತಿದಳು. "ಈಗ ಹೀಗೇ ಕೊಡೋದು ಅಕ್ಕ. ಬ್ಯಾರಿಡೇಲಲ್ಲಿ ಎಲ್ಲರೂ ಚೀಲದಲ್ಲೇ ಇಡ್ತಾರೆ."

ಡೋರಾ ಕನ್ನಡಕ ಹಾಕಿಕೊಂಡು ಬಗ್ಗಿದಳು. ಒಂದು ಕಡೆಯಿಂದ ನೋಡಿದಳು, ಇನ್ನೊಂದು ಕಡೆಯಿಂದ ನೋಡಿದಳು. ಗಾವಿಯ ಹೊಟ್ಟೆ ತಾನಾಗಿ ಒಳಗೆ ಸರಿದು ನಿಂತಿತು. ದಾಲ್ಚಿನ್ನಿ ಒಂದು ದಡಕ್ಕೆ ಸೇರಿತ್ತು. ಬಿರುಕು ಇರಲಿಲ್ಲ.

"ದಾಲ್ಚಿನ್ನಿ ಯಾಕೆ ಒಂದೇ ಕಡೆ?"

"ಬೇಡ ಅನ್ನೋರಿಗೆ ಆ ಕಡೆ, ಬೇಕು ಅನ್ನೋರಿಗೆ ಈ ಕಡೆ."

ಡೋರಾ ಒಂದು ಚೂರು ಬಾಯ್ಗಿಟ್ಟಳು. ನಿಧಾನವಾಗಿ ಅಗಿದಳು. ನಲವತ್ತು ವರ್ಷದ ಮಾತು ತುಟಿಯವರೆಗೆ ಬಂತು, ಆದರೆ ಅಷ್ಟರಲ್ಲಿ ಅವಳ ಕಣ್ಣು ತಂಗಿಯ ಬರೀ ತಲೆವಸ್ತ್ರದ ಮೇಲೆ, ಎದೆಗೆ ಸಿಕ್ಕಿಸಿದ್ದ ಗರಿಯ ಮೇಲೆ ಬಿತ್ತು.

"ನಿನ್ನ ಹ್ಯಾಟೆಲ್ಲೇ?"

ಗಾವಿಯ ಕಂಕುಳಲ್ಲಿ ಏನೋ ನೇರಳೆ ಬಣ್ಣದ್ದು ಚಪಾತಿಯಂತೆ ಮಡಿಸಿಕೊಂಡಿತ್ತು. ಅವನು ಅದನ್ನು ಬೆನ್ನ ಹಿಂದೆ ಸರಿಸಿದ.

"ಬೈಕಲ್ಲಿ ಬರೋರು ಹ್ಯಾಟ್ ಹಾಕಲ್ಲ ಅಕ್ಕ," ಎಂದಳು ಫಿಯಾ, ಗರಿ ಸರಿಮಾಡಿಕೊಳ್ಳುತ್ತಾ. "ಗರಿ ಮಾತ್ರ."

ಮಾರನೆಯ ದಿನ ಅವಳೇ ಅಬ್ರಾಮನಿಗೆ ಫೋನು ಮಾಡಿದಳು. ಗಾವಿ ಬಾಗಿಲ ಹಿಂದೆ ನಿಂತು ಕೇಳಿದ. "ಇಲ್ಲ ಕಣೋ ಅಬ್ರಾಮ್, ಪಿಕಪ್ಪು ನೀನೇ ಇಟ್ಕೋ. ಮೇಲೆ ಚಾವಣಿ ಇರೋ ಗಾಡೀಲಿ ಕೂತ್ರೆ ನಂಗೆ ಈಗ ಉಸಿರು ಕಟ್ಟುತ್ತೆ."

ಆಮೇಲೆ ಅವಳು ಗಾವಿಯನ್ನು ಕರೆದು, ಚೀಲ ಚಿಕ್ಕದಾಯಿತೆಂದೂ, ಟಾರ್ಟು, ಬುತ್ತಿ, ಹ್ಯಾಟು ಮೂರಕ್ಕೂ ಬೇರೆಬೇರೆ ಜಾಗವಿರುವ ದೊಡ್ಡದು ಬೇಕೆಂದೂ, ಮುಂದಿನ ತಿಂಗಳು ಊಟ್ಸ್‌ಹೋರ್ನಿನ ಮದುವೆಗೆ ಬೈಕಿನಲ್ಲೇ ಹೋಗುವುದೆಂದೂ ತಿಳಿಸಿದಳು. ಹೊಸ ಹ್ಯಾಟೂ ಬೇಕೆಂದಳು.

ಅಂಗಡಿಯ ಹುಡುಗಿ ವೂಸ್ಟರಿನಲ್ಲಿ ಬಾಗಿಲು ತೆರೆಯುವಾಗ ಹೊರಗೆ ಗಾವಿ ನಿಂತಿದ್ದ. ಒಂದು ಕೈಯಲ್ಲಿ ಗುಲಾಬಿಯ ಡಬ್ಬ, ಇನ್ನೊಂದು ಕೈಯಲ್ಲಿ ಹಸಿರು ಬಣ್ಣದ ಹೊಚ್ಚಹೊಸ ಹ್ಯಾಟು, ಕಂಕುಳಲ್ಲಿ ಒಂದು ಬ್ರೆಡ್ಡು.

"ಊಮ್, ಈ ಸಲವಾದ್ರೂ ಬೈಕು ತಂದಿದೀರಾ?" ಎಂದು ಅವಳು ಬೀದಿಯ ಆಚೆ ಈಚೆ ನೋಡಿದಳು.

"ಬೈಕಾ?" ಎಂದ ಗಾವಿ. "ಅದು ಯಾಕಮ್ಮ? ಅಳತೆಯೆಲ್ಲ ತಂದಿದೀನಲ್ಲ."